ಕರಿಕೆಗೆ ಹೋದ ಅಚ್ಚಿನ ಕಾಗದಗಳು

ಹೋದ ವಾರ ಪಹಣಿ ತೆಗೆಸಲು ನಾಪೋಕ್ಲಿಗೆ ಹೋಗಿದ್ದೆ. ಕೌಂಟರಿನ ಹುಡುಗಿ ಪ್ರಿಂಟರಿನಿಂದ ಆಗಷ್ಟೇ ಹೊರಬಂದ ಹಾಳೆಯನ್ನು ಎಳೆದು ಕೈಗೆ ಕೊಟ್ಟಳು. ಹಾಳೆ ಬಿಸಿಯಾಗಿತ್ತು. ಹೊರಗೆ ಧೋ ಎಂದು ಮಳೆ, ಒಳಗೆ ಒದ್ದೆ ಕೊಡೆ, ಒದ್ದೆ ಬಟ್ಟೆಗಳ ಮುಗ್ಗಲು, ಅದರ ನಡುವೆ ಆ ಬಿಸಿ ಕಾಗದದ ವಾಸನೆ. "ಸರ್ವೆ ನಂಬರ್ ಸರಿಯುಂಟಾ ನೋಡಿ ಅಂಕಲ್" ಅಂದಳು. ಎಲ್ಲಿಯ ಸರ್ವೆ ನಂಬರ್! ನಾನು ಹಾಳೆಯನ್ನು ಮೂಗಿಗೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟಿದ್ದೆ. ಹಿಂದೆ ಸಾಲಿನಲ್ಲಿದ್ದವರು ಇವನಿಗೇನಾಯಿತೆಂದು ನೋಡಿರಬೇಕು. ನೋಡಿಕೊಳ್ಳಲಿ. ಐದು ವರ್ಷದ ಹಿಂದೆ ಒಂದು ಆಟಿ ತಿಂಗಳು ಪೂರ್ತಿ ನನ್ನ ಮನೆಯಲ್ಲಿ ಇದೇ ವಾಸನೆ ಇತ್ತು. ಆ ಮಳೆಗಾಲದ ವಿಷಯವನ್ನು ಪೂರ್ತಿಯಾಗಿ ನಾನು ಈವರೆಗೆ ಯಾರಿಗೂ ಹೇಳಿಲ್ಲ.

ನಾನು ಕಕ್ಕಬೆ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವನು. ರೈಟರ್ ಅಂದರೆ ಕತೆ ಬರೆಯುವವನೆಂದು ತಿಳಿಯಬೇಡಿ. ಲೈನ್ ಮನೆಗಳ ಕೂಲಿಯವರ ಹಾಜರಿ ಹಿಡಿಯುವವನು, ಪಿಕ್ಕಿಂಗ್ ಸಮಯದಲ್ಲಿ ಯಾರು ಯಾವ ಕಡೆಗೆ ಎಂದು ಕಳಿಸುವವನು, ಕಣದಲ್ಲಿ ಹರಡಿದ ಕಾಫಿ ಒಣಗಿದೆಯೋ ಇಲ್ಲವೋ ಎಂದು ಬೀಜ ಕಚ್ಚಿ ಹೇಳುವವನು. ಊರೆಲ್ಲ ನನ್ನನ್ನು ರೈಟ್ರು ಎಂದೇ ಕರೆಯುವುದು. ನನ್ನ ಹೆಂಡತಿ ಕುಸುಮಳೂ ಹಾಗೇ ಕರೆಯುತ್ತಿದ್ದಳು, ಅವಳು ಕರೆಯುವಾಗ ಮಾತ್ರ ಅದರಲ್ಲಿ ಸ್ವಲ್ಪ ಚೇಷ್ಟೆ ಇರುತ್ತಿತ್ತು. ನಾನು ಯಾವುದನ್ನಾದರೂ ಸರಿ ಮಾಡಲು ಕೂತರೆ ಸರಿಯಾಗುವ ತನಕ ಏಳುವವನಲ್ಲ. ಮಿಕ್ಸಿ ಇರಲಿ, ಪಂಪು ಇರಲಿ, ಬಿಚ್ಚಿ ಹರವಿಕೊಂಡು ಕೂತರೆ ಊಟದ ಪರಿವೆ ಇಲ್ಲ. "ರೈಟ್ರಿಗೆ ಹಟ ಹತ್ತಿತು, ಇನ್ನು ಅನ್ನ ನಾಳೆಗೆ" ಎಂದು ಅವಳು ತಟ್ಟೆ ಮುಚ್ಚಿಡುತ್ತಿದ್ದಳು. ನನಗೆ ಆ ಹಟದ ಬಗ್ಗೆ ಒಳಗೊಳಗೇ ಹೆಮ್ಮೆ ಇತ್ತು.

ಕುಸುಮಳ ತವರು ಕರಿಕೆ, ಕೇರಳದ ಗಡಿಗೆ ತಾಗಿಕೊಂಡ ಊರು. ಅಲ್ಲಿ ಅವಳ ಅವ್ವ, ಎಂದರೆ ನನ್ನ ಅತ್ತೆ, ಮಗ ಸೊಸೆಯ ಜೊತೆ ಇದ್ದರು. ಅತ್ತೆಗೆ ಕಿವಿ ಕೇಳಿಸುವುದಿಲ್ಲ. ತೀರ ಹತ್ತಿರ ಹೋಗಿ ಕೂಗಿದರೆ ಮಾತ್ರ ಕೇಳುವುದು. ಹಾಗಾಗಿ ಫೋನು ಅತ್ತೆಗೆ ಉಪಯೋಗಕ್ಕಿಲ್ಲ. ಕಿವಿ ಕೇಳುವವರಿಗಾದರೂ ಕರಿಕೆಯಲ್ಲಿ ಸಿಗ್ನಲ್ ಸಿಗಬೇಕಲ್ಲ! ಅದಕ್ಕೇ ಮದುವೆಯಾದಾಗಿನಿಂದ ತಾಯಿ ಮಗಳ ಮಾತೆಲ್ಲ ಕಾಗದದಲ್ಲಿ. ಪ್ರತಿ ಬುಧವಾರ ಕುಸುಮ ಎರಡು ಪುಟ ಬರೆದು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡುವುದು, ಅವನು ಅದನ್ನು ಭಾಗಮಂಡಲದ ಹೋಟೆಲಿನಲ್ಲಿ ಇಡುವುದು, ಅಲ್ಲಿಂದ ಗುರುವಾರ ಬೆಳಗಿನ ಕರಿಕೆ ಬಸ್ಸು. ಸೋಮವಾರ ಅದೇ ದಾರಿಯಲ್ಲಿ ಅತ್ತೆಯ ಉತ್ತರ, ಜೊತೆಗೆ ಬಿದಿರಿನ ಕಣಿಲೆಯೋ ಮರಕೆಸದ ಸೊಪ್ಪೋ ಒಂದು ಕಟ್ಟು. ಅಂಚೆಯನ್ನು ನಂಬಿದವರಲ್ಲ ಅವರು. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ನಮಗೆ ಮಕ್ಕಳಾಗಲಿಲ್ಲ. ಆ ದುಃಖವನ್ನೂ ಅವಳು ನನ್ನ ಹತ್ತಿರ ಹೇಳಿಕೊಂಡದ್ದಕ್ಕಿಂತ ಹೆಚ್ಚಾಗಿ ಆ ಕಾಗದಗಳಲ್ಲೇ ಬರೆದಿರಬೇಕು.

ಆ ವರ್ಷ ಕಾಫಿ ಹೂ ಬಿಡುವ ಸಮಯಕ್ಕೆ ಅವಳ ಬಲಗೈ ಹೆಬ್ಬೆರಳಿನಲ್ಲಿ ಬಲ ಕಡಿಮೆಯಾಯಿತು. ಸೌಟು ಕೈಯಿಂದ ಜಾರುತ್ತಿತ್ತು. ಬೀಗದ ಕೈ ತಿರುಗಿಸಲು ಆಗುತ್ತಿರಲಿಲ್ಲ. ವಾತ ಇರಬೇಕೆಂದು ಎಣ್ಣೆ ತಿಕ್ಕಿದೆವು. ಕೊನೆಗೆ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋದಾಗ, ನರಗಳು ಒಂದೊಂದಾಗಿ ಸೋಲುವ ಕಾಯಿಲೆ ಎಂದರು. ಮೊದಲು ಕೈ, ಆಮೇಲೆ ನಾಲಿಗೆ, ಕೊನೆಗೆ ಉಸಿರು. ಗುಣವಾಗುವುದಿಲ್ಲ, ಆದರೂ ಎರಡು ಮೂರು ವರ್ಷಕ್ಕೆ ತೊಂದರೆ ಇಲ್ಲ ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ವಾಪಸು ಬರುವಾಗ ಸಂಪಾಜೆ ಘಾಟಿಯ ತಿರುವುಗಳಲ್ಲಿ ಕುಸುಮ ನನ್ನ ತೋಳಿಗೆ ಒರಗಿ ಕೂತಿದ್ದಳು. ಮಡಿಕೇರಿಯಲ್ಲಿ ಇಳಿಯುವಾಗ ಹೇಳಿದಳು: "ಅವ್ವಂಗೆ ಹೇಳಿಕೆ ಬೊತ್ತು."

ಹೇಳುವುದು ಬೇಡ ಎನ್ನಲು ಕಾರಣ ಇತ್ತು. ಅದರ ಹಿಂದಿನ ತಿಂಗಳಷ್ಟೇ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟಕ್ಕೆ ಆಪರೇಷನ್ ಆಗಿತ್ತು. ಒಳಗೆ ರಾಡು ಹಾಕಿದ್ದರು. "ಗೊತ್ತಾದ್ರೆ ಅವ್ವ ತೆವಳಿಕೊಂಡಾದ್ರೂ ಬರ್ತಾಳೆ. ಮಳೆ ಕಳೀಲಿ, ಅವ್ವನ ಕಾಲು ಸರಿಯಾಗ್ಲಿ. ಆಮೇಲೆ ನಾನೇ ಹೋಗಿ ಪಕ್ಕದಲ್ಲಿ ಕೂತು ಹೇಳ್ತೇನೆ" ಅಂದಳು. ಅವಳ ಅಣ್ಣನಿಗೂ ಹೇಳಲಿಲ್ಲ. ನಮ್ಮ ಬಾವ ಒಳ್ಳೆಯವನೇ, ಆದರೆ ಅವನ ಹೊಟ್ಟೆಯಲ್ಲಿ ಮಾತು ಒಂದು ದಿನ ನಿಲ್ಲುವುದಿಲ್ಲ. ಎರಡು ಮೂರು ವರ್ಷ ಇದೆಯಲ್ಲ ಎಂದು ನಾನೂ ಹೂಂ ಅಂದೆ.

ಅಡ್ಡ ಬಂದದ್ದು ಅವಳ ಕೈಬರಹ. ಮೇ ತಿಂಗಳಲ್ಲಿ ಪೆನ್ನಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡು ಬರೆದು ನೋಡಿದಳು. ದುಂಡಗೆ ಮುತ್ತಿನ ಹಾಗೆ ಬರೆಯುತ್ತಿದ್ದವಳ ಅಕ್ಷರ ಸಾಲು ಬಿಟ್ಟು ಎಲ್ಲೆಲ್ಲೋ ಬಿದ್ದಿತ್ತು. ಹರಿದು ಒಲೆಗೆ ಹಾಕಿದಳು. ನಾನು ಬರೆದುಕೊಡುತ್ತೇನೆಂದರೆ, ನನ್ನ ಅಕ್ಷರ ಅತ್ತೆಗೆ ಗೊತ್ತು, ಮಗಳು ಯಾಕೆ ಬರೆಯಲಿಲ್ಲ ಎಂಬ ಪ್ರಶ್ನೆ ಮೊದಲು ಬರುತ್ತದೆ. ನಾಪೋಕ್ಲಿನ ಡಿಟಿಪಿ ಅಂಗಡಿಯಲ್ಲಿ ಅಚ್ಚು ಮಾಡಿಸೋಣವೆಂದರೆ, ಅಂಗಡಿಯಾಕೆ ಭಾಗಮಂಡಲದ ಕಡೆಯವಳು, ಅವಳ ಗಂಡನ ಕಡೆಯವರು ಕರಿಕೆಯಲ್ಲಿದ್ದಾರೆ. ಕೊಡಗಿನಲ್ಲಿ ಯಾರು ಯಾರಿಗೆ ನೆಂಟರಲ್ಲ ಹೇಳಿ! ಸುದ್ದಿ ಬಸ್ಸಿಗಿಂತ ಮೊದಲೇ ತಲುಪುತ್ತದೆ. ಆಗ ಕುಸುಮಳೇ ಹೇಳಿದಳು: "ನಿಮ್ಮ ಆಫೀಸಿನ ಮೂಲೆಯಲ್ಲಿ ಹಳೇ ಕಂಪ್ಯೂಟರ್ ಉಟ್ಟಲ್ಲ, ಪ್ರಿಂಟರ್ ಸಮೇತ. ಅದನ್ನ ತನ್ನಿ. ಕುಸುಮ ಕಂಪ್ಯೂಟರ್ ಕಲ್ತಳೂಂತ ಅವ್ವಂಗೆ ಖುಷಿಯೂ ಆಕು."

ಎಸ್ಟೇಟಿನಲ್ಲಿ ಹೊಸದು ಬಂದ ಮೇಲೆ ಆ ಕಂಪ್ಯೂಟರು, ಪ್ರಿಂಟರು ಗೋಣಿಚೀಲ ಹೊದ್ದುಕೊಂಡು ಬಿದ್ದಿದ್ದವು. ತೋಟದ ದೊರೆಯನ್ನು ಕೇಳಿದರೆ "ತಗೊಂಡ್ ಹೋಗಿ ರೈಟರ್, ಜಾಗ ಖಾಲಿಯಾಗ್ಲಿ" ಅಂದರು. ನಾಪೋಕ್ಲಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ರಫೀಕ್ ನನಗೆ ಹಳೆಯ ಸ್ನೇಹಿತ. ಬಂದು ನೋಡಿದ. "ಈ ಮುದುಕನ ಮೇಲೆ ಬೇರೆ ಎಂಥದೂ ಓಡುದಿಲ್ಲ ರೈಟರೇ, ಲಿನಕ್ಸ್ ಹಾಕ್ತೇನೆ. ಯಾರ ಸೊತ್ತೂ ಅಲ್ಲ, ಎಲ್ಲರೂ ಸೇರಿ ಮಾಡಿದ್ದು. ವೈರಸ್ ಗಿರಸ್ ಇಲ್ಲ" ಎಂದು ಹಾಕಿಕೊಟ್ಟ. ಕಂಪ್ಯೂಟರು ಹೊಸದರಂತೆ ಓಡಿತು. ಪ್ರಿಂಟರಿನ ಕಡೆ ನೋಡಿ ಮಾತ್ರ ತಲೆ ಕೆರೆದುಕೊಂಡ. "ಪಡಚೋನೇ! ಇದು ಹಟಮಾರಿ ಜಾತಿ. ಕಂಪನಿಯವರು ಇದಕ್ಕೆ ಲಿನಕ್ಸ್ ಡ್ರೈವರ್ ಮಾಡ್ಲೇ ಇಲ್ಲ. ನೀವೊಂದು ಹಟಮಾರಿ, ಇದೊಂದು. ನೋಡುವಾ ಯಾರು ಗೆಲ್ತಾರೇಂತ."

ಅವನು ಹೋದ ಮರುದಿನದಿಂದ ಮಳೆ ಹಿಡಿಯಿತು. ಹೊಳೆ ಉಕ್ಕಿ ನಾಪೋಕ್ಲು ರಸ್ತೆಯ ಮೇಲೆ ನೀರು. ಬಸ್ಸು ನೀರಿಳಿದಾಗ ಬರುವುದು, ಇಲ್ಲದಿದ್ದರೆ ಇಲ್ಲ; ಕಾಗದ ಹೋಗದ್ದಕ್ಕೆ ಅತ್ತೆಗೆ ಹೇಳಲು ಅದೇ ನೆಪವಾಯಿತು. ರಫೀಕ್ ಬರುವ ಹಾಗಿಲ್ಲ. ಇನ್ನು ಫೋನಿನಲ್ಲೇ ಎಲ್ಲ. ನಮ್ಮ ಮನೆಯಲ್ಲಿ ಸಿಗ್ನಲ್ ಇಲ್ಲ, ಕಾಫಿ ಕಣದ ಆಚೆ ತುದಿಯಲ್ಲಿ ಒಂದು ಕಡ್ಡಿ ಸಿಗುತ್ತದೆ. ಕೊಡೆ ಹಿಡಿದು ಅಲ್ಲಿ ನಿಲ್ಲುವುದು, ರಫೀಕ್ ಒಂದೊಂದೇ ಇಂಗ್ಲಿಷ್ ಅಕ್ಷರ ಹೇಳುವುದು, ನಾನು ಹಾಜರಿ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡು ಓಡಿ ಬಂದು ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಹೊಡೆಯುವುದು, ಬಂದ ಉತ್ತರ ಬರೆದುಕೊಂಡು ಮತ್ತೆ ಕಣಕ್ಕೆ ಓಡುವುದು. ಒಂದು ಕಡೆ ಜಾಗ ಬಿಡಲು ಮರೆತರೆ ಅರ್ಧ ಗಂಟೆ ನೀರುಪಾಲು. ಕುಸುಮ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ನನ್ನ ಓಡಾಟ ನೋಡಿ ನಗುತ್ತಿದ್ದಳು. "ಏಳನೇ ಸುತ್ತು ರೈಟ್ರೇ! ದೇವಸ್ಥಾನಕ್ಕಾದ್ರೂ ಇಷ್ಟು ಸುತ್ತು ಬಂದಿದ್ರೆ!" ಅವಳು ಹಾಗೆ ನಕ್ಕದ್ದಕ್ಕೇ ನಾನು ಇನ್ನೆರಡು ಸುತ್ತು ಹೆಚ್ಚು ಓಡಿರಬೇಕು.

ಮೊದಲು ಪ್ರಿಂಟರ್ ಇದೆ ಎಂದೇ ಕಂಪ್ಯೂಟರಿಗೆ ಗೊತ್ತಾಗಲಿಲ್ಲ. ವೈರು ಬದಲಾಯಿಸಿದ ಮೇಲೆ ಪಟ್ಟಿಯಲ್ಲಿ ಹೆಸರು ಬಂತು. "ಹೆಸರು ಕಂಡ್ರೆ ಜೀವ ಉಂಟೂಂತ" ಎಂದ ರಫೀಕ್. ಆಮೇಲೆ ಬ್ರೌಸರಿನಲ್ಲೇ ತೆರೆಯುವ ಪ್ರಿಂಟರ್ ಪುಟಕ್ಕೆ ಹೋಗಿ ಸೇರಿಸಲು ನೋಡಿದರೆ, ನಿನಗೆ ಅಧಿಕಾರ ಇಲ್ಲ ಎಂದು ನನ್ನನ್ನೇ ಹೊರಗೆ ಹಾಕಿತು. ನನ್ನ ಮನೆ, ನನ್ನ ಮೇಜು, ನನಗೇ ಅಧಿಕಾರ ಇಲ್ಲ! ಪ್ರಿಂಟರ್ ನೋಡಿಕೊಳ್ಳುವವರ ಗುಂಪಿಗೆ ನನ್ನ ಹೆಸರು ಸೇರಿಸಬೇಕಂತೆ, ಸೇರಿಸಿದೆ. ನಮ್ಮ ಮಾಡೆಲ್ ಪಟ್ಟಿಯಲ್ಲಿರಲಿಲ್ಲ. ಅದರ ದಾಯಾದಿಯಂತೆ ಕಂಡ ಇನ್ನೊಂದು ಹೆಸರನ್ನು ಒತ್ತಿ ಪ್ರಿಂಟ್ ಕೊಟ್ಟೆ. ಕೊನೆಗೂ ಹಾಳೆ ಹೊರಗೆ ಬಂತು ಎಂದು ನಾನು ಕೂಗಿದೆ, ನೋಡಿದರೆ ತಲೆಯಲ್ಲಿ ಒಂದು ಸಾಲು ಅರ್ಥವಿಲ್ಲದ ಚಿಹ್ನೆಗಳು. ಇನ್ನೊಂದು ಹಾಳೆ, ಅದರಲ್ಲೂ ಒಂದು ಸಾಲು. ನಿಲ್ಲಿಸಲು ಗೊತ್ತಿಲ್ಲದೆ ಕೊನೆಗೆ ಸ್ವಿಚ್ಚು ಕಿತ್ತೆ. ಅಷ್ಟರಲ್ಲಿ ನೆಲದ ತುಂಬ ಕಾಗದ.

ವಾರ ಕಳೆದ ಮೇಲೆ ರಫೀಕನೇ ಗುಟ್ಟು ಹುಡುಕಿದ. ಆ ಪ್ರಿಂಟರಿಗೆ ಸ್ವಂತ ಬುದ್ಧಿ ಇಲ್ಲ. ಪ್ರತಿ ಸಲ ಸ್ವಿಚ್ಚು ಹಾಕಿದಾಗಲೂ ನೀನು ಪ್ರಿಂಟರ್, ನಿನ್ನ ಕೆಲಸ ಇದು ಎಂದು ಕಂಪ್ಯೂಟರಿನಿಂದ ಒಂದು ಫೈಲು ಕಳಿಸಿ ನೆನಪು ಮಾಡಬೇಕು. ಕರೆಂಟು ಹೋದರೆ ಎಲ್ಲ ಮರೆಯುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋಗುವುದಲ್ಲ, ಬರುವುದೇ ವಿಶೇಷ. ಆ ಫೈಲನ್ನೂ ಯಾರೋ ಪುಣ್ಯಾತ್ಮರು ಬರೆದಿಟ್ಟ ಡ್ರೈವರನ್ನೂ ರಫೀಕ್ ಪೆನ್ ಡ್ರೈವಿಗೆ ಹಾಕಿ, ಪ್ಲಾಸ್ಟಿಕ್ ಸುತ್ತಿ, ಟಿಫಿನ್ ಡಬ್ಬಿಯಲ್ಲಿಟ್ಟು ಕಂಡಕ್ಟರ್ ಕೈಯಲ್ಲಿ ಕಳಿಸಿದ. ಕನ್ನಡದ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತಿದ್ದವು, ಅದಕ್ಕೊಂದು ಫಾಂಟೂ ಅದೇ ಡಬ್ಬಿಯಲ್ಲಿತ್ತು.

ಇಷ್ಟೆಲ್ಲ ಆದ ಮೇಲೂ ಹಾಳೆ ಒಳಗೆ ಸಿಕ್ಕಿಕೊಳ್ಳತೊಡಗಿತು. ನಾನು ಎರಡು ದಿನ ಕಮಾಂಡಿನಲ್ಲೇ ತಪ್ಪು ಹುಡುಕಿದೆ. ತಪ್ಪು ಇದ್ದದ್ದು ಹವೆಯಲ್ಲಿ. ಆಟಿಯ ಮಳೆಗೆ ಕಾಗದ ನೀರು ಕುಡಿದು ದೋಸೆಯಂತೆ ಮೆತ್ತಗಾಗಿತ್ತು. ನನಗೆ ಗೊತ್ತಿದ್ದ ವಿದ್ಯೆ ಒಂದೇ: ಏಲಕ್ಕಿ, ಮೆಣಸು ಇಡುವ ಹಾಗೆ ಕಾಗದದ ಕಟ್ಟನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟೆ. ಹಾಳೆಗಳು ಒಣಗಿದವು, ಒಣಗಿ ಸುರುಳಿ ಸುತ್ತಿಕೊಂಡವು, ಪ್ರಿಂಟರು ಇನ್ನೂ ಚೆನ್ನಾಗಿ ನುಂಗಿ ಹಿಡಿದುಕೊಂಡಿತು. ಫೋನಿನಲ್ಲಿ ಹೇಳಿದರೆ ರಫೀಕ್ ಬಿದ್ದು ಬಿದ್ದು ನಕ್ಕ. "ಅಲ್ಲ ರೈಟರೇ, ಪೇಪರ್ ಎಂಥ ಒಣಮೀನಾ ಹೊಗೆಗೆ ಇಡ್ಲಿಕ್ಕೆ?" ಕೊನೆಗೆ ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಹುರಿದ ಅಕ್ಕಿಯ ಗಂಟಿನ ಜೊತೆ ಕಾಗದ ಮುಚ್ಚಿಟ್ಟು, ಬೇಕಾದಾಗ ಒಂದೊಂದೇ ಹಾಳೆ ತೆಗೆದು, ಕಿವಿಯ ಹತ್ತಿರ ಅಲುಗಿಸಿ ಗರಗರ ಸದ್ದು ಬಂದರೆ ಮಾತ್ರ ಹಾಕುವುದು ಎಂದಾಯಿತು. ಕಾಫಿ ಬೀಜ ಕಚ್ಚಿ ನೋಡುವವನಿಗೆ ಕಾಗದ ಕೇಳಿ ನೋಡುವುದು ಕಷ್ಟವಾಗಲಿಲ್ಲ.

ಮೊದಲ ಕಾಗದ ಸರಿಯಾಗಿ ಬಂದ ದಿನ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಕುಸುಮ ಎಡಗೈಯ ಒಂದೇ ಬೆರಳಿನಲ್ಲಿ ಬೆಳಗಿನಿಂದ ಮಧ್ಯಾಹ್ನದ ತನಕ ಕೂತು ಹೊಡೆದಿದ್ದಳು. "ಅವ್ವಾ, ನಿನ್ನ ಮಗಳು ಈಗ ಕಂಪ್ಯೂಟರ್ ಕಲಿತಿದ್ದಾಳೆ. ನಿನ್ನ ಕಣ್ಣಿಗೆ ಸುಲಭವಾಗಲಿ ಎಂದು ಅಕ್ಷರ ದೊಡ್ಡದು ಮಾಡಿದ್ದೇನೆ. ಇವರು ಪ್ರಿಂಟರಿನ ಹಿಂದೆ ಓಡಿ ಓಡಿ ಸಣಕಲಾಗಿದ್ದಾರೆ." ಹಾಳೆ ಹೊರಗೆ ಬಂದದ್ದೇ ನಾನು ಅದನ್ನು ಅವಳ ಮುಂದೆ ಹಿಡಿದೆ. ಅವಳಿಗೆ ತೆಗೆದುಕೊಳ್ಳಲು ಬೆರಳು ಬರಲಿಲ್ಲ, ಕೆನ್ನೆಗೆ ಒತ್ತಿಕೊಂಡಳು. "ಬಿಸಿಯುಟ್ಟು" ಅಂದಳು. ಇಬ್ಬರೂ ನಕ್ಕೆವು. ಆ ದಿನ ನನ್ನಷ್ಟು ದೊಡ್ಡ ಮನುಷ್ಯ ಕಕ್ಕಬೆಯಲ್ಲೇ ಇಲ್ಲ ಅನಿಸಿತ್ತು.

ಸೋಮವಾರ ಅತ್ತೆಯ ಉತ್ತರ ಬಂತು. ಅಚ್ಚಿನ ಕಾಗದವನ್ನು ನೆರೆಮನೆಯವರಿಗೆಲ್ಲ ತೋರಿಸಿದರಂತೆ. ಮುಂದಿನ ವಾರ ಇನ್ನೊಂದು ಕಾಗದ, ಅದರ ಮುಂದಿನ ವಾರ ಮತ್ತೊಂದು. ಅಷ್ಟರಲ್ಲಿ ಕಾಯಿಲೆ ಡಾಕ್ಟರು ಹೇಳಿದ ಲೆಕ್ಕ ಬಿಟ್ಟು ಓಡತೊಡಗಿತ್ತು. ಅವಳ ಎಡಗೈಯೂ ಸೋತಿತು. ನಾಲಿಗೆ ದಪ್ಪವಾದಂತೆ ಮಾತು ಎಳೆಯುತ್ತಿತ್ತು. ಅವಳು ಹೇಳುವುದು, ನಾನು ಹೊಡೆಯುವುದು. ಮಡಿಕೇರಿಯ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ತಂಡಿಯಿಂದ ಜಾಗ್ರತೆ ಎಂದಷ್ಟೇ ಹೇಳಿದರು. ಮಳೆ ಕಳೆಯಲಿ, ಮಳೆ ಕಳೆಯಲಿ ಎಂದು ನಾನು ದಿನ ಎಣಿಸುತ್ತಿದ್ದೆ.

ಮೂರನೆಯ ಉತ್ತರದಲ್ಲಿ ಅತ್ತೆ ಹೀಗೆ ಬರೆದಿದ್ದರು: "ಕುಸುಮ, ಅಚ್ಚಿನ ಅಕ್ಷರ ಓದಲಿಕ್ಕೆ ಚಂದ. ಆದರೆ ಅದರಲ್ಲಿ ನೀನು ಕಾಣುವುದಿಲ್ಲ. ಈ ಸಲ ಕೊನೆಗೆ ಒಂದು ಗೆರೆಯಾದರೂ ನಿನ್ನ ಕೈಯಲ್ಲಿ ಬರಿ. ನನಗೆ ಯಾಕೋ ಮನಸ್ಸು ಸಮ ಇಲ್ಲ."

ನಾನು ಓದಿ ಹೇಳಿದೆ. ಅವಳು ಇನ್ನೊಮ್ಮೆ ಓದಿ ಎಂದಳು. ಓದಿದೆ. ಅವಳ ಕಣ್ಣಿನಿಂದ ನೀರಿಳಿಯಿತು, ಒರೆಸಿಕೊಳ್ಳಲು ಕೈ ಇಲ್ಲ, ನಾನೇ ಒರೆಸಿದೆ. ತುಂಬ ಹೊತ್ತಿನ ಮೇಲೆ "ಬರೀಲಿಕೆ ಆಗುದಿಲ್ಲೇಂತ..." ಎಂದು ಶುರು ಮಾಡಿದಳು. ಮಾತು ನಿಧಾನವಾಗಿ ಬರುತ್ತಿತ್ತು. ಕಾಯಬೇಕಿತ್ತು ನಾನು. ಅಯ್ಯೋ, ಒಂದು ನಿಮಿಷ ಕಾಯಬೇಕಿತ್ತು! ಅವಳು ಮುಗಿಸುವ ಮೊದಲೇ ನಾನು, "ನೀನು ತಲೆ ಕೆಡಿಸಿಕೊಳ್ಬೇಡ, ನಾನು ದಾರಿ ಮಾಡ್ತೇನೆ" ಎಂದು ಎದ್ದುಬಿಟ್ಟೆ. ನನಗೆ ಆಗಲೇ ಹಟ ಹತ್ತಿತ್ತು.

ಅವಳು ಹಿಂದಿನ ವರ್ಷ ಬರೆದು ಕಳಿಸದೇ ಬಿಟ್ಟ ಒಂದು ಕಾಗದ ಕಪಾಟಿನಲ್ಲಿತ್ತು. ಅದರ ಕೊನೆಯಲ್ಲಿ, "ಅವ್ವಾ, ನಾನು ಚೆನ್ನಾಗಿದ್ದೇನೆ. ಇಂತಿ ನಿನ್ನ ಕುಸುಮ." ದುಂಡಗೆ, ಕಪ್ಪು ಪೆನ್ನಿನಲ್ಲಿ. ಆಫೀಸಿನಿಂದ ನಾನು ತರುವ ಕಪ್ಪು ಪೆನ್ನಿನಲ್ಲೇ ಅವಳು ಯಾವಾಗಲೂ ಬರೆಯುವುದು. ಫೋನಿನಲ್ಲಿ ಆ ಗೆರೆಯ ಫೋಟೋ ತೆಗೆದೆ, ಕಂಪ್ಯೂಟರಿಗೆ ಹಾಕಿದೆ, ಅಚ್ಚಿನ ಕಾಗದದ ಕೊನೆಗೆ ಅಂಟಿಸಿದೆ. ಮೊದಲ ಪ್ರಿಂಟಿನಲ್ಲಿ ಅಕ್ಷರದ ಸುತ್ತ ಬೂದಿ ಚೆಲ್ಲಿದಂತೆ ಕಲೆ ಬಂತು. ರಫೀಕನಿಗೆ ಫೋನು ಮಾಡಿ, ಫೋಟೋದ ಹಿನ್ನೆಲೆ ಬೆಳ್ಳಗೆ ಮಾಡುವುದು ಹೇಗೆ ಎಂದು ಕೇಳಿದೆ. ಯಾಕೆ ಎಂದ. ಹೇಳಿದೆ.

"ರೈಟರೇ, ಆ ಉಮ್ಮಾಗೆ, ನಿಮ್ಮ ಅತ್ತೆಗೆ, ನಿಜ ಹೇಳಿಬಿಡಿ. ಇದು ಸರಿ ಇಲ್ಲ" ಎಂದ.

"ನಿನ್ನನ್ನು ಕೇಳಿದ್ದು ಪ್ರಿಂಟರಿನ ವಿಷಯ. ಅಷ್ಟು ಹೇಳು, ಸಾಕು" ಎಂದು ರೇಗಿದೆ.

ಅವನು ಹೇಳಿಕೊಟ್ಟ. ಮತ್ತೆ ಎರಡು ಸಲ ಕರೆಂಟು ಹೋಯಿತು, ಎರಡು ಸಲವೂ ಪ್ರಿಂಟರಿಗೆ ಅದರ ಫೈಲು ಕಳಿಸಿ ಎಬ್ಬಿಸಿದೆ. ಐದನೆಯ ಹಾಳೆಯಲ್ಲಿ ಗೆರೆ ಪೆನ್ನಿನಲ್ಲಿ ಬರೆದಂತೆಯೇ ಮೂಡಿತು. ನನಗೇ ವ್ಯತ್ಯಾಸ ಗೊತ್ತಾಗದಷ್ಟು! ಕುಣಿಯುತ್ತಾ ಹೋಗಿ ಕುಸುಮಳಿಗೆ ತೋರಿಸಿದೆ. ಅವಳು ಆ ಗೆರೆಯನ್ನು ತುಂಬ ಹೊತ್ತು ನೋಡಿದಳು. "ಸರಿಯುಟ್ಟು" ಅಂದಳು. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಸುಸ್ತಾಗಿರಬೇಕೆಂದು ನಾನು ಕಂಬಳಿ ಹೊದಿಸಿ, ಕಾಗದ ಹಿಡಿದು ಬಸ್ಸಿಗೆ ಓಡಿದೆ.

ಅದಾಗಿ ನಾಲ್ಕನೆಯ ದಿನ ಅವಳಿಗೆ ಜ್ವರ ಬಂದು ಕಫ ಕಟ್ಟಿತು. ಮಡಿಕೇರಿಗೆ ಕರೆದುಕೊಂಡು ಹೋದೆ. ಅದೇ ದಿನ ಭಾಗಮಂಡಲ ಕರಿಕೆ ರಸ್ತೆಯಲ್ಲಿ ಗುಡ್ಡ ಜರಿದು ಬಸ್ಸು ನಿಂತಿತು. ಆಸ್ಪತ್ರೆಯಲ್ಲಿ ಅವಳಿಗೆ ಮಾತು ಪೂರ್ತಿ ನಿಂತಿತ್ತು. ವಾರ್ಡಿನ ಬಾಗಿಲಲ್ಲಿ ಯಾರ ಕಾಲ ಸದ್ದು ಕೇಳಿದರೂ ಕಣ್ಣು ಆ ಕಡೆ ಹೋಗುತ್ತಿತ್ತು. ನರ್ಸ್ ಬಂದರೂ ನೋಡುವುದು, ಕಾಫಿಯವನು ಬಂದರೂ ನೋಡುವುದು, ಆಮೇಲೆ ಕಣ್ಣು ಮುಚ್ಚುವುದು. "ಯಾರು ಬೇಕು ಕುಸುಮ? ಡಾಕ್ಟರನ್ನು ಕರೀಲಾ?" ಎಂದು ಕೇಳುತ್ತಿದ್ದೆ. ಎರಡನೆಯ ದಿನ ನನಗೂ ಹೆದರಿಕೆಯಾಗಿ ಬಾವನಿಗೆ ಫೋನು ಹಚ್ಚಿದೆ, ಹೋಗಲಿಲ್ಲ. ಮೂರನೆಯ ದಿನ ಕರಿಕೆಯಾಚೆ ಕೇರಳದ ಪಾಣತ್ತೂರಿನಲ್ಲಿ ಯಾರಿಗೋ ಹೇಳಿ, ಅವರು ಹೋಗಿ ಹೇಳಿ, ಬಾವ ಸುದ್ದಿ ತಿಳಿಯುವಾಗ ಸಂಜೆಯಾಗಿತ್ತು. ನಾಲ್ಕನೆಯ ದಿನ ಬೆಳಗ್ಗೆ ಅವಳು ಹೋದಳು. ಮಧ್ಯಾಹ್ನ ಅತ್ತೆ ಬಂದರು. ಜರಿದ ಮಣ್ಣಿನ ಮೇಲೆ ಇಬ್ಬರು ಹಿಡಿದುಕೊಂಡು ದಾಟಿಸಿ, ಆಚೆ ಕಡೆ ಬೇರೆ ಜೀಪಿನಲ್ಲಿ ಕೂರಿಸಿ ಕರೆತಂದಿದ್ದರು. ಸೀರೆಯ ಅಂಚಿಗೆಲ್ಲ ಕೆಂಪು ಮಣ್ಣು. ಮಗಳ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು. ಒಣಗಿ ಕಡ್ಡಿಯಾದ ಆ ಕೈಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಕೇಳಿದ್ದು ಹನ್ನೊಂದನೆಯ ದಿನ, ಕಾರ್ಯ ಮುಗಿದು ಊಟವಾದ ಮೇಲೆ. ಚಾವಡಿಯ ತುಂಬ ನೆಂಟರು. ಅತ್ತೆ ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡರು. ಚೀಲದಿಂದ ಆ ಕೊನೆಯ ಕಾಗದ ತೆಗೆದರು.

"ಜೀಪು ಹೇಳಿ ಆಗಿತ್ತು ಮಗ. ನನ್ನ ಕಾಲು ಸರಿಯಾಗಿತ್ತು. ಮನಸ್ಸು ತಡೀಲಿಲ್ಲೆ, ಶುಕ್ರವಾರ ಹೊರಡುದೂಂತ ಇದ್ದೆ. ಗುರುವಾರ ಬಸ್ಸಿಗೆ ಈ ಕಾಗದ ಬಂತು. ಅವಳ ಕೈಬರಹ ನೋಡಿದೆ. ಚೆನ್ನಾಗಿದ್ದೇನೇಂತ ಬರ್ದಿತ್ತಲ್ಲ. ಜೀಪು ಬೊತ್ತೂಂತ ಹೇಳಿ ಕಳಿಸ್ದೆ." ಅತ್ತೆಯ ಧ್ವನಿಯಲ್ಲಿ ಕೋಪವೇ ಇರಲಿಲ್ಲ. ಕಾಗದವನ್ನು ಮಗುಚಿ, ಹಿಂಬದಿಯನ್ನು ಬೆರಳಿನಿಂದ ಸವರಿದರು. "ಅವಳು ಸಣ್ಣದಿಂದಲೇ ಪೆನ್ನು ಒತ್ತಿ ಬರೆಯುವವಳು. ಹಿಂದೆ ಸವರಿದರೆ ಕೈಗೆ ಸಿಗ್ತದೆ. ಇದರಲ್ಲಿ ಎಂಥದೂ ಇಲ್ಲೆ. ನಿನ್ನೆ ಗೊತ್ತಾತ್ ನಂಗೆ. ಅವತ್ತೇ ಸವರಿ ನೋಡಿಕೆ ಇತ್ತು ನಾನು."

ಭೂಮಿ ಬಾಯಿ ಬಿಡಬಾರದೇ ಅನಿಸಿತು. ತಪ್ಪನ್ನು ಆ ಮುದುಕಿ ತನ್ನ ಬೆರಳಿನ ಮೇಲೆ ಹಾಕಿಕೊಂಡು ಕೂತಿದ್ದರು. ಆಮೇಲೆ ನನ್ನ ಮುಖ ನೋಡಿ ಕೇಳಿದರು: "ಇದು ಯಾರ ಬುದ್ಧಿ ಮಗ? ನಿಂದಾ, ಅವಳದಾ?"

ಅತ್ತೆಗೆ ಏನು ಹೇಳುವುದಿದ್ದರೂ ಕೂಗಿ ಹೇಳಬೇಕು. ನನ್ನದು ಎಂದು ಕೂಗಿದರೆ ಚಾವಡಿಗೆಲ್ಲ ಕೇಳುತ್ತದೆ. ಬಾವ ಇದ್ದಾನೆ, ನನ್ನ ಅಣ್ಣಂದಿರಿದ್ದಾರೆ, ಎಸ್ಟೇಟಿನವರಿದ್ದಾರೆ. ಒಂದು ಚೀಟಿಯಲ್ಲಿ ಬರೆದು ಕೊಡಬಹುದಿತ್ತು, ಜೇಬಿನಲ್ಲಿ ಪೆನ್ನು ಇತ್ತು. ನಾನು ಅತ್ತೆಯ ಕಿವಿಯ ಹತ್ತಿರ ಬಾಗಿ, ಎಲ್ಲರಿಗೂ ಕೇಳುವ ಹಾಗೆ ಕೂಗಿದೆ: "ಅವಳದೇ ಅತ್ತೇ!"

ಅತ್ತೆ ತಲೆಯಾಡಿಸಿದರು. ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. "ಹಂಗಾರೆ ಸರಿ. ಅವಳಿಗೆ ನಾನು ಬರುದು ಬೊತ್ತಿತ್ತು" ಎಂದರು.

ಬರೆಯಲು ಆಗುವುದಿಲ್ಲವೆಂದು ಅವ್ವನಿಗೆ ತಿಳಿಸಿ, ಅವ್ವ ಬರಲಿ ಎಂದೇ ಆ ದಿನ ಕುಸುಮ ಹೇಳಹೊರಟದ್ದು. ನನಗೆ ಅದು ಅರ್ಥವಾದದ್ದು ಅತ್ತೆ ಆ ಮಾತು ಹೇಳಿದ ಗಳಿಗೆಯಲ್ಲಿ. ಬಾ ಎಂದು ತಾನಾಗಿ ಕರೆಯಲು ಅವಳ ಮನಸ್ಸು ಒಪ್ಪದಿದ್ದಿರಬಹುದು, ಆದರೆ ತಾಯಿಯೇ ಅನುಮಾನಪಟ್ಟಾಗ ಅವಳಿಗೆ ಸಮಾಧಾನವಾಗಿತ್ತು. ನಾನು ಆ ದಾರಿಯನ್ನೂ ಮುಚ್ಚಿದೆ. ಆ ಪ್ರಿಂಟರು ಸರಿಯಾಗದೇ ಇದ್ದಿದ್ದರೆ, ಒಂದೇ ಒಂದು ದಿನ ಅದು ನನ್ನನ್ನು ಸೋಲಿಸಿದ್ದರೆ, ಅವಳು ಅವ್ವನ ಮಡಿಲಲ್ಲಿ ತಲೆಯಿಟ್ಟು ಹೋಗುತ್ತಿದ್ದಳು. ನಾನು ಗೆದ್ದೆ. ನನ್ನ ಗೆಲುವಿಗೆ ಬೆಂಕಿ ಬೀಳಲಿ.

ಆಮೇಲೆ ನಾಲ್ಕು ವರ್ಷ ಅತ್ತೆ ಬದುಕಿದ್ದರು. ವರ್ಷಕ್ಕೆರಡು ಸಲ ಹೇಳಿಬಿಡಬೇಕೆಂದೇ ಕರಿಕೆಗೆ ಹೋಗುತ್ತಿದ್ದೆ. ಊಟ ಬಡಿಸಿ ಪಕ್ಕದಲ್ಲಿ ಕೂರುತ್ತಿದ್ದರು. ಸಣಕಲಾಗಿದ್ದೀಯ ಅನ್ನುತ್ತಿದ್ದರು. ಕುಸುಮಳ ಕೊನೆಯ ದಿನಗಳ ಬಗ್ಗೆ ಒಮ್ಮೆಯೂ ಕೇಳಲಿಲ್ಲ. ಮಗಳಿಗೆ ಬೇಡವಾದ ತಾಯಿಗೆ ಅದನ್ನು ಕೇಳುವ ಹಕ್ಕಿಲ್ಲ ಎಂದುಕೊಂಡಿದ್ದರೋ ಏನೋ. ನಾನು ಉಂಡು ಎದ್ದು ಬರುತ್ತಿದ್ದೆ. ಹೋದ ಮಳೆಗಾಲದಲ್ಲಿ ಅತ್ತೆ ತೀರಿಕೊಂಡರು. ಕೊನೆಗೆ ಏನಾದರೂ ಹೇಳಿದರಾ ಎಂದು ಬಾವನನ್ನು ಕೇಳಿದೆ. "ಎಂಥದೂ ಇಲ್ಲೆ ಬಾವ. ಕುಸುಮಂಗೆ ನನ್ನ ಮೇಲೆ ಎಂಥ ಬೇಜಾರಿತ್ತೋಂತ ಅವ್ವ ಒಮ್ಮೊಮ್ಮೆ ಹೇಳ್ತಿದ್ದಳು, ಅಷ್ಟೇ" ಅಂದ.

ಈಗ ಕೂಗಿದರೂ ಕೇಳುವವರಿಲ್ಲ. ಆದರೂ ಬರೆಯುತ್ತಿದ್ದೇನೆ, ಕೈಯಲ್ಲೇ, ಪೆನ್ನು ಒತ್ತಿ. ಬುದ್ಧಿ ನನ್ನದು ಅತ್ತೇ. ಅವಳಿಗೆ ನಿಮ್ಮ ಮೇಲೆ ಯಾವ ಬೇಜಾರೂ ಇರಲಿಲ್ಲ. ನಾಲ್ಕು ದಿನವೂ ಅವಳು ಬಾಗಿಲು ನೋಡುತ್ತಿದ್ದದ್ದು ನೀವು ಬರುತ್ತೀರಿ ಎಂದು.